ಹಿರಿಯರು ಬೀಳುವ ಮೊದಲೇ ಮನೆಯನ್ನು ಸ್ವಲ್ಪ ಬದಲಿಸೋಣ

ಕಾಸರಗೋಡಿನ ಹಳ್ಳಿಮನೆಗಳಲ್ಲಿ ಮಳೆಗಾಲ ಬಂತೆಂದರೆ ಅಂಗಳದಲ್ಲಿ ಪಾಚಿ ಕಟ್ಟುತ್ತದೆ. ಐವತ್ತು ವರ್ಷ ಅದೇ ಅಂಗಳದಲ್ಲಿ ಓಡಾಡಿದ ಅಜ್ಜಿ ಒಂದು ದಿನ ಕಾಲು ಜಾರಿ ಬೀಳುತ್ತಾರೆ. ಸೊಂಟದ ಮೂಳೆ ಮುರಿಯುತ್ತದೆ. ಶಸ್ತ್ರಚಿಕಿತ್ಸೆ ಆಗುತ್ತದೆ, ಆದರೆ ಮೊದಲಿನ ನಡಿಗೆ ಎಲ್ಲರಿಗೂ ಮರಳಿ ಬರುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ, ಬೀಳುವುದರಿಂದ ಸಾಯುವವರಲ್ಲಿ ಹೆಚ್ಚಿನವರು 60 ದಾಟಿದವರು. ವಯಸ್ಸನ್ನು ತಡೆಯಲಾಗದು. ಆದರೆ ಬೀಳುವ ಜಾಗಗಳನ್ನು ಕಡಿಮೆ ಮಾಡಬಹುದು. ಇದಕ್ಕೆ ಹೊಸ ಮನೆ ಕಟ್ಟಬೇಕಾಗಿಲ್ಲ, ಇರುವ ಮನೆಯನ್ನೇ ಸ್ವಲ್ಪ ತಿದ್ದಿಕೊಂಡರೆ ಸಾಕು.

ಅಂಗಳ ಮತ್ತು ಹೊಸ್ತಿಲು

ಮಳೆಗಾಲದಲ್ಲಿ ಅಂಗಳಕ್ಕೆ ಅಡಿಕೆ ಸೋಗೆ ಹಾಸುವುದು ಹಿಂದಿನವರ ಕ್ರಮ. ಅದು ಇಂದಿಗೂ ಒಳ್ಳೆಯ ಉಪಾಯ. ಸಿಮೆಂಟಿನ ಅಂಗಳವಾದರೆ ಬ್ಲೀಚಿಂಗ್ ಪೌಡರ್ ಹಾಕಿ ಗಟ್ಟಿ ಪೊರಕೆಯಲ್ಲಿ ಉಜ್ಜಬೇಕು. ಮನೆಯಿಂದ ಬಚ್ಚಲಿಗೆ ಹೋಗುವ ದಾರಿಗೆ ಇದನ್ನು ಮೊದಲು ಮಾಡಬೇಕು.

ಹಳೆಯ ಮನೆಗಳ ಹೊಸ್ತಿಲು ಎತ್ತರ. ಪೂಜೆ ಮಾಡುವ ಹೊಸ್ತಿಲನ್ನು ಕೀಳಲು ಯಾರಿಗೂ ಮನಸ್ಸು ಬಾರದು, ಕೀಳಬೇಕಾಗಿಯೂ ಇಲ್ಲ. ಅದರ ಅಂಚಿಗೆ ಬಿಳಿ ಅಥವಾ ಹಳದಿ ಬಣ್ಣ ಬಳಿದರೆ ಮಂಜುಗಣ್ಣಿಗೂ ಕಾಣುತ್ತದೆ. ಬಾಗಿಲ ದಾರಂದಕ್ಕೆ ಒಂದು ಹಿಡಿಕೆ ಹಾಕಿದರೆ ದಾಟುವುದು ಸುಲಭ. ಜಗಲಿಯ ಮೆಟ್ಟಿಲಿಗೆ ಇಳಿಜಾರು ಕಟ್ಟಿಸುವುದಾದರೆ ಲೆಕ್ಕ ಹೀಗೆ: 1 ಇಂಚು ಎತ್ತರಕ್ಕೆ 1 ಅಡಿ ಉದ್ದ. ಅಂದರೆ 6 ಇಂಚಿನ ಮೆಟ್ಟಿಲಿಗೆ 6 ಅಡಿ ಇಳಿಜಾರು ಬೇಕು. ಇದಕ್ಕಿಂತ ಗಿಡ್ಡವಾದರೆ ಇಳಿಜಾರೇ ಜಾರುಬಂಡೆಯಾಗುತ್ತದೆ.

ಬಚ್ಚಲುಮನೆ

ಹೆಚ್ಚಿನ ಎಚ್ಚರ ಬೇಕಾದ ಜಾಗ ಇದು. ತಲೆಗೆ ಎಣ್ಣೆ ಹಚ್ಚಿ ಮೀಯುವ ದಿನ ನೆಲದ ಮೇಲೂ ಎಣ್ಣೆ ಬಿದ್ದಿರುತ್ತದೆ. ಮುಂದೆ ಮೀಯುವವರು ಒಳಗೆ ಹೋಗುವ ಮೊದಲು ನೆಲವನ್ನು ಸಾಬೂನು ಹಾಕಿ ತೊಳೆಯಬೇಕು. ಹಂಡೆಯಿಂದ ಬಿಸಿನೀರನ್ನು ಬಕೆಟಿಗೆ ತುಂಬಿಸಿ ಕೊಡುವ ಕೆಲಸ ಮನೆಯ ಕಿರಿಯರದ್ದಾಗಲಿ. ಕುಳಿತು ಮೀಯಲು ಗಟ್ಟಿಯಾದ, ಕಾಲುಗಳಿಗೆ ರಬ್ಬರ್ ಬುಷ್ ಇರುವ ಸ್ಟೂಲು ಇಡಬೇಕು.

ಗೋಡೆಗೆ ಹಾಕುವ ಹಿಡಿಕೆ ಮನುಷ್ಯನ ಭಾರ ತಾಳುವಂತಿರಬೇಕು. ಟವೆಲ್ ಹಾಕುವ ಸರಳು ಈ ಕೆಲಸಕ್ಕೆ ಆಗದು. ಹಳೆಯ ಕೆಂಪುಕಲ್ಲಿನ ಗೋಡೆಯಲ್ಲಿ ಬರೇ ಗಾರೆಗೆ ಸ್ಕ್ರೂ ಹಾಕಿದರೆ ಕಿತ್ತು ಬರುತ್ತದೆ. ಕಲ್ಲಿನ ಒಳಗಿನವರೆಗೆ ಗಟ್ಟಿಯಾಗಿ ಕೂರಿಸಲು ಕೆಲಸದವರಿಗೆ ಹೇಳಬೇಕು. ಬಾಗಿಲು ಹೊರಗೆ ತೆರೆಯುವಂತಿದ್ದರೆ ಒಳ್ಳೆಯದು. ಒಳಗೆ ಯಾರಾದರೂ ಬಿದ್ದರೆ, ಒಳಕ್ಕೆ ತೆರೆಯುವ ಬಾಗಿಲಿಗೆ ಅವರ ಮೈಯೇ ಅಡ್ಡವಾಗುತ್ತದೆ. ಕುಕ್ಕರುಗಾಲಿನಲ್ಲಿ ಕೂರಲಾಗದವರಿಗೆ ಕಕ್ಕಸಿನ ಮೇಲೆ ಇಡುವ ಕಮೋಡ್ ಕುರ್ಚಿ ಸಿಗುತ್ತದೆ.

ರಾತ್ರಿ ಮತ್ತು ನಡಿಗೆ

ಗಾಳಿಮಳೆಗೆ ಕರೆಂಟ್ ಹೋಗುವುದು ಹೊಸತಲ್ಲ. ದಿಂಬಿನ ಬಳಿ ಟಾರ್ಚ್ ಇರಲೇಬೇಕು. ನಿದ್ದೆಯಿಂದ ಎದ್ದ ಕೂಡಲೇ ನಿಂತರೆ ರಕ್ತದೊತ್ತಡ ಇಳಿದು ತಲೆ ತಿರುಗಬಹುದು. ಮಂಚದ ಅಂಚಿನಲ್ಲಿ ಒಂದೆರಡು ನಿಮಿಷ ಕುಳಿತು, ಪಾದ ನೆಲಕ್ಕೆ ಊರಿ ಆಮೇಲೆ ಏಳಬೇಕು.

ಊರುಗೋಲಿನ ಹಿಡಿ, ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆಯ ಮಟ್ಟಕ್ಕೆ ಬರಬೇಕು. ಬಲಗಾಲಿನಲ್ಲಿ ನೋವಿದ್ದರೆ ಕೋಲು ಎಡಗೈಯಲ್ಲಿರಬೇಕು. ನೋವಿರುವ ಬದಿಯಲ್ಲೇ ಹಿಡಿಯುವುದು ಸಾಮಾನ್ಯ ತಪ್ಪು.

ಮಾತ್ರೆಯ ಚೀಟಿ

ಗಡಿನಾಡಿನ ಹಿರಿಯರಿಗೆ ಇಲ್ಲಿ ಒಂದು ವಿಶೇಷ ತೊಂದರೆ ಇದೆ. ಮಾತ್ರೆಯ ಹೆಸರು ಇಂಗ್ಲಿಷಿನಲ್ಲಿ, ವಿವರಣೆ ಮಲೆಯಾಳದಲ್ಲಿ, ಓದಲು ಬರುವುದು ಕನ್ನಡ. ಒಂದು ಕಾಯಿಲೆಗೆ ಕಾಸರಗೋಡಿನ ವೈದ್ಯರು, ಇನ್ನೊಂದಕ್ಕೆ ಮಂಗಳೂರಿನವರು. ಒಂದೇ ಔಷಧ ಎರಡು ಕಂಪೆನಿಗಳ ಹೆಸರಲ್ಲಿ ಬಂದು, ಎರಡನ್ನೂ ನುಂಗುವ ಅಪಾಯವಿದೆ. ಮನೆಯವರು ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿ ವೈದ್ಯರಿಗೆ ತೋರಿಸಿ, ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಬೇಕು. ತಲೆ ಸುತ್ತುವುದು ಯಾವುದಾದರೂ ಮಾತ್ರೆಯಿಂದಲೇ ಇರಬಹುದು. ಅದನ್ನೂ ಅವರಲ್ಲಿ ಕೇಳಬೇಕು, ತಾವಾಗಿ ನಿಲ್ಲಿಸಬಾರದು.

2020ರ ಲಾಕ್‌ಡೌನ್‌ನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳು ಕಷ್ಟಪಟ್ಟದ್ದು ಮರೆಯುವಂತಿಲ್ಲ. ಚಿಕಿತ್ಸೆಯ ಕಾಗದಪತ್ರಗಳ ಒಂದು ಪ್ರತಿ ಮನೆಯಲ್ಲಿದ್ದರೆ ಹತ್ತಿರದ ಆಸ್ಪತ್ರೆಯವರಿಗೂ ನೋಡಲು ಸಾಧ್ಯವಾಗುತ್ತದೆ.

ಸಿಗುವ ನೆರವು

ಕೇರಳ 2008ರಲ್ಲೇ ಪಾಲಿಯೇಟಿವ್ ಆರೈಕೆಗೆ ನೀತಿ ರೂಪಿಸಿದ ರಾಜ್ಯ. ಹಾಸಿಗೆ ಹಿಡಿದವರ ಮನೆಗೆ ಪಂಚಾಯತಿನ ಪಾಲಿಯೇಟಿವ್ ನರ್ಸ್ ಬರುವ ವ್ಯವಸ್ಥೆ ಇದೆ. ಆಶಾ ಕಾರ್ಯಕರ್ತೆಯ ಮೂಲಕ ಹೆಸರು ಕೊಡಬಹುದು. 2017ರಲ್ಲಿ ಆರಂಭವಾದ ಕೇಂದ್ರ ಸರಕಾರದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಬಡ ಕುಟುಂಬಗಳ 60 ದಾಟಿದವರಿಗೆ ಊರುಗೋಲು, ವಾಕರ್, ಶ್ರವಣಯಂತ್ರ, ಕನ್ನಡಕ, ಹಲ್ಲಿನ ಸೆಟ್ಟು ಮುಂತಾದವನ್ನು ತಪಾಸಣಾ ಶಿಬಿರಗಳ ಮೂಲಕ ಉಚಿತವಾಗಿ ಕೊಡಲಾಗುತ್ತದೆ. ಹಿರಿಯರ ಸಹಾಯವಾಣಿ 14567. ಮನವಿಯನ್ನು ಕನ್ನಡದಲ್ಲೇ ಬರೆದು ಕೊಡಲು ಹಿಂಜರಿಯಬೇಕಿಲ್ಲ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ.

ಕೇಳಿ ಮಾಡಬೇಕು

ಕೋಲು ಕೈಗೆ ಕೊಟ್ಟರೆ "ನನ್ನನ್ನು ಮುದುಕ ಮಾಡಿದಿರಿ" ಎಂದು ಸಿಟ್ಟಾಗುವ ಅಜ್ಜಂದಿರು ಬೇಕಾದಷ್ಟಿದ್ದಾರೆ. ಕೇಳದೆ ಮನೆಯ ಸಾಮಾನು ಜಾಗ ಬದಲಿಸಿದರೆ ಕತ್ತಲಲ್ಲಿ ಅದನ್ನೇ ಎಡವುತ್ತಾರೆ. ಹಾಗಾಗಿ ಒಂದು ಭಾನುವಾರ ಮಕ್ಕಳು, ಸೊಸೆಯಂದಿರು ಹಿರಿಯರ ಜೊತೆಗೇ ಮನೆಯಿಡೀ ಒಂದು ಸುತ್ತು ನಡೆಯಬೇಕು. ಎಲ್ಲಿ ಕೈ ಗೋಡೆ ಹುಡುಕುತ್ತದೆ, ಎಲ್ಲಿ ಕಾಲು ಹಿಂದೆಗೆಯುತ್ತದೆ ಎಂಬುದು ಆಗ ಗೊತ್ತಾಗುತ್ತದೆ. ಮೊದಲ ಹಿಡಿಕೆಯನ್ನು ಅಲ್ಲೇ ಹಾಕಿಸಬೇಕು.