ಅಲೆ ಜಪಾನಿನಲ್ಲಿ, ಉಪ್ಪಿನ ಸಾಲು ಚೀನಾದಲ್ಲಿ

2011ರ ಮಾರ್ಚ್ 17, ಗುರುವಾರ. ಚೀನಾದ ಬೀಜಿಂಗ್, ಶಾಂಘೈ, ಗುವಾಂಗ್‌ಝೌ ಮೊದಲಾದ ನಗರಗಳ ಅಂಗಡಿಗಳಲ್ಲಿ ಬೆಳಗಿನಿಂದಲೇ ನೂಕುನುಗ್ಗಲು. ಅಂದು ಹಬ್ಬವೂ ಇರಲಿಲ್ಲ, ಹರಿದಿನವೂ ಇರಲಿಲ್ಲ. ಜನ ಮುಗಿಬಿದ್ದದ್ದು ಬಟ್ಟೆಗಲ್ಲ, ಬಂಗಾರಕ್ಕಲ್ಲ; ಬರೀ ಅಡುಗೆ ಉಪ್ಪಿಗೆ! ನೋಡನೋಡುತ್ತಲೇ ಉಪ್ಪಿನ ಕಪಾಟುಗಳು ಖಾಲಿಯಾದವು. ಕೆಲವು ಕಡೆ ಬೆಲೆ ಹಲವು ಪಟ್ಟು ಏರಿತು. ಉಪ್ಪು ಸಿಗದವರು ಸೋಯಾ ಸಾಸ್ ಬಾಟಲಿಗಳನ್ನಾದರೂ ಸಿಕ್ಕಷ್ಟು ಹೊತ್ತೊಯ್ದರು.

ಅವರ ದೇಶದಲ್ಲಿ ಉಪ್ಪಿಗೆ ಬರ ಬಂದಿರಲಿಲ್ಲ. ಆರು ದಿನಗಳ ಹಿಂದೆ ಸಮುದ್ರದಾಚೆಯ ಜಪಾನಿನಲ್ಲಿ ಭೂಮಿ ನಡುಗಿತ್ತು, ಅಷ್ಟೆ. ಎಲ್ಲಿಯ ಭೂಕಂಪ, ಎಲ್ಲಿಯ ಉಪ್ಪು? ಈ ಎರಡಕ್ಕೂ ನಂಟು ಹೇಗೆ ಬೆಳೆಯಿತೆಂದು ತಿಳಿದುಕೊಳ್ಳುವುದು ಪರೀಕ್ಷೆಗೆ ಓದುವ ಮಕ್ಕಳಿಗೆ ಎಷ್ಟು ಉಪಯುಕ್ತವೋ ಅವರ ತಂದೆತಾಯಿಗಳಿಗೂ ಅಷ್ಟೇ ಉಪಯುಕ್ತ. ದೂರದ ವಿಪತ್ತಿನ ಸುದ್ದಿ ಮನೆಯೊಳಗೆ ಬಂದಾಗ ಏನು ಮಾಡಬೇಕು ಎಂಬ ಪಾಠ ಯಾವ ಪಠ್ಯಪುಸ್ತಕದಲ್ಲೂ ಸುಲಭವಾಗಿ ಸಿಗುವುದಿಲ್ಲ.

ಆ ಶುಕ್ರವಾರ ನಡೆದದ್ದು

ಮಾರ್ಚ್ 11ರಂದು ಜಪಾನಿನ ಗಡಿಯಾರಗಳಲ್ಲಿ ಮಧ್ಯಾಹ್ನ 2 ಗಂಟೆ 46 ನಿಮಿಷ. ದೇಶದ ಈಶಾನ್ಯ ಭಾಗವಾದ ತೊಹೊಕು ತೀರದಾಚೆ, ಸಾಗರದ ತಳದಲ್ಲಿ 9.0 ಪ್ರಮಾಣದ ಭೂಕಂಪ ಸಂಭವಿಸಿತು. ಅಲ್ಲಿ ಪೆಸಿಫಿಕ್ ಶಿಲಾಫಲಕವು ಜಪಾನ್ ಕೂತಿರುವ ಫಲಕದ ಅಡಿಗೆ ವರ್ಷಕ್ಕೆ ಸುಮಾರು 8 ಸೆಂಟಿಮೀಟರಿನಂತೆ ತೂರಿಕೊಳ್ಳುತ್ತಿದೆ. ಎರಡು ಫಲಕಗಳು ಒಂದಕ್ಕೊಂದು ಕಚ್ಚಿಕೊಂಡಾಗ ಮೇಲಿನ ಫಲಕ ಬಿಲ್ಲಿನಂತೆ ಬಾಗುತ್ತ ಹೋಗುತ್ತದೆ. ನೂರಾರು ವರ್ಷಗಳ ಬಿಗಿತ ತಾಳಲಾರದೆ ಒಂದು ದಿನ ಅದು ಚಿಮ್ಮಿ ಮೇಲೇಳುತ್ತದೆ. ಅಂದು ಆದದ್ದು ಅದೇ. ಸಾಗರತಳ ಮೇಲೆದ್ದಾಗ ಅದರ ಮೇಲಿನ ನೀರೂ ಮೇಲೆದ್ದಿತು. ಅದುವೇ ಸುನಾಮಿ.

ಆಳ ಸಮುದ್ರದಲ್ಲಿ ಸುನಾಮಿ ಅಲೆ ಜೆಟ್ ವಿಮಾನದ ವೇಗದಲ್ಲಿ ಓಡುತ್ತದೆ. ಅಲ್ಲಿ ಅದರ ಎತ್ತರ ಹಡಗಿನವರ ಗಮನಕ್ಕೂ ಬಾರದಷ್ಟು ಕಡಿಮೆ. ದಡದ ಬಳಿ ನೀರು ಆಳವಿಲ್ಲದಾದಾಗ ವೇಗ ಕುಗ್ಗಿ, ಹಿಂದಿನ ನೀರು ಮುಂದಿನ ನೀರಿನ ಮೇಲೆ ಏರಿ, ಅಲೆ ಗೋಡೆಯಾಗುತ್ತದೆ. ಮಿಯಾಕೊ ಎಂಬಲ್ಲಿ ನೀರು ಸುಮಾರು 40 ಮೀಟರ್ ಎತ್ತರದ ಇಳಿಜಾರನ್ನು ಏರಿತ್ತು. ಸುಮಾರು 15,900 ಜನ ಸತ್ತರು. 2,500ಕ್ಕೂ ಹೆಚ್ಚು ಮಂದಿಯ ಸುಳಿವೇ ಸಿಗಲಿಲ್ಲ.

ಆದರೆ ಜಗತ್ತಿನ ಕಣ್ಣು ನೆಟ್ಟದ್ದು ಫುಕುಶಿಮಾ ದಾಯ್‌ಇಚಿ ಪರಮಾಣು ವಿದ್ಯುತ್ ಸ್ಥಾವರದ ಮೇಲೆ. ಭೂಕಂಪವಾದೊಡನೆ ಅಲ್ಲಿ ಚಾಲನೆಯಲ್ಲಿದ್ದ ಮೂರು ರಿಯಾಕ್ಟರುಗಳು ತಾವಾಗಿಯೇ ನಿಂತವು. ಆದರೆ ಪರಮಾಣು ಇಂಧನ ಸೌದೆ ಒಲೆಯಿದ್ದಂತೆ. ಉರಿ ನಂದಿಸಿದರೂ ಕೆಂಡದ ಕಾವು ಉಳಿಯುತ್ತದೆ. ಆ ಕಾವನ್ನು ಇಳಿಸಲು ನೀರು ಹರಿಯುತ್ತಲೇ ಇರಬೇಕು, ನೀರು ಹರಿಸಲು ವಿದ್ಯುತ್ ಬೇಕು. ಭೂಕಂಪ ಹೊರಗಿನ ವಿದ್ಯುತ್ತನ್ನು ಕಡಿದುಹಾಕಿತ್ತು. 5.7 ಮೀಟರ್ ಅಲೆಗೆಂದು ಸಿದ್ಧವಾಗಿದ್ದ ಸ್ಥಾವರಕ್ಕೆ 14 ಮೀಟರಿಗೂ ಎತ್ತರದ ನೀರು ನುಗ್ಗಿ ಡೀಸೆಲ್ ಜನರೇಟರುಗಳನ್ನೂ ಮುಳುಗಿಸಿತು. ಮಾರ್ಚ್ 12, 14 ಮತ್ತು 15ರಂದು ಹೈಡ್ರೋಜನ್ ಅನಿಲ ಸ್ಫೋಟಿಸಿ ಕಟ್ಟಡಗಳ ಮಾಡು ಹಾರಿದ ದೃಶ್ಯ ಟೆಲಿವಿಷನ್ನಿನಲ್ಲಿ ಮತ್ತೆ ಮತ್ತೆ ಬಂತು. ನೋಡಿದವರ ಎದೆ ನಡುಗಿದ್ದು ಸಹಜವೇ.

ಉಪ್ಪಿಗೂ ವಿಕಿರಣಕ್ಕೂ ಏನು ಸಂಬಂಧ?

ಇಂಥ ಅಪಘಾತದಲ್ಲಿ ಹೊರಬೀಳುವ ವಸ್ತುಗಳಲ್ಲಿ ಅಯೋಡಿನ್-131 ಒಂದು. ದೇಹಕ್ಕೆ ಸಾಧಾರಣ ಅಯೋಡಿನ್ ಯಾವುದು, ವಿಕಿರಣಶೀಲ ಅಯೋಡಿನ್ ಯಾವುದು ಎಂಬ ಭೇದ ತಿಳಿಯದು. ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿ ಎರಡನ್ನೂ ಸಮನಾಗಿ ಹೀರಿಕೊಳ್ಳುತ್ತದೆ. 1986ರ ಚೆರ್ನೋಬಿಲ್ ದುರಂತದಲ್ಲಿ ಹಾಲಿನ ಮೂಲಕ ಈ ವಿಷ ಮಕ್ಕಳ ದೇಹ ಸೇರಿ, ಮುಂದೆ ಸಾವಿರಾರು ಮಂದಿಗೆ ಥೈರಾಯ್ಡ್ ಕ್ಯಾನ್ಸರ್ ಬಂತು. ಮೊದಲೇ ಗ್ರಂಥಿಗೆ ಒಳ್ಳೆಯ ಅಯೋಡಿನ್ ತುಂಬಿಸಿಬಿಟ್ಟರೆ ಕೆಟ್ಟದ್ದಕ್ಕೆ ಜಾಗವಿರುವುದಿಲ್ಲ. ಆಗ ಪೋಲೆಂಡ್ ಸರ್ಕಾರ ಒಂದು ಕೋಟಿಗೂ ಹೆಚ್ಚು ಮಕ್ಕಳಿಗೆ ಅಯೋಡಿನ್ ಕುಡಿಸಿದ್ದು ಇದೇ ಕಾರಣಕ್ಕೆ.

ಹಾಗಾದರೆ ಚೀನಾದ ಜನ ಮಾಡಿದ್ದು ಸರಿಯೇ? ಗಳಗಂಡ ರೋಗ ತಡೆಯಲು ಉಪ್ಪಿಗೆ ಅಯೋಡಿನ್ ಬೆರೆಸುವುದು ನಿಜ. ಆದರೆ ಎಷ್ಟು? ಇಲ್ಲಿ ಏಳನೆಯ ತರಗತಿಯ ಗಣಿತ ಸಾಕು. ವಿಕಿರಣದಿಂದ ರಕ್ಷಿಸಲು ವಯಸ್ಕರಿಗೆ ಕೊಡುವ ಒಂದು ಮಾತ್ರೆಯಲ್ಲಿ ಸುಮಾರು 100 ಮಿಲಿಗ್ರಾಂ ಅಯೋಡಿನ್ ಇರುತ್ತದೆ. ಒಂದು ಕಿಲೋ ಉಪ್ಪಿನಲ್ಲಿ 25 ಮಿಲಿಗ್ರಾಂ ಇದೆಯೆಂದು ಹಿಡಿಯಿರಿ. ಒಂದು ಮಾತ್ರೆಗೆ ಸಮವಾಗಲು 4 ಕಿಲೋ ಉಪ್ಪು ತಿನ್ನಬೇಕು! ದಿನಕ್ಕೆ 5 ಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಉಪ್ಪಿನ ಲೆಕ್ಕದಲ್ಲಿ ಅದು 800 ದಿನಗಳ ಪಾಲು. ಅಷ್ಟನ್ನು ಒಮ್ಮೆಗೇ ತಿಂದವನನ್ನು ಕೊಲ್ಲಲು ಯಾವ ವಿಕಿರಣವೂ ಬೇಕಾಗಿಲ್ಲ, ಉಪ್ಪೇ ಸಾಕು.

ಕಡಲು ಕಲುಷಿತವಾಗಿ ಮುಂದೆ ಒಳ್ಳೆಯ ಉಪ್ಪೇ ಸಿಗಲಾರದು ಎಂಬುದು ಇನ್ನೊಂದು ಗಾಳಿಸುದ್ದಿ. ಚೀನಾದ ಅಡುಗೆ ಉಪ್ಪಿನ ಬಹುಪಾಲು ಬರುವುದು ಕಡಲಿನಿಂದಲ್ಲ, ನೆಲದೊಳಗಿನ ಗಣಿ ಮತ್ತು ಬಾವಿಗಳಿಂದ. ಸರ್ಕಾರ ಇದನ್ನು ವಿವರಿಸಿ, ದಾಸ್ತಾನು ಸಾಕಷ್ಟಿದೆಯೆಂದು ಸಾರಿದ ಮೇಲೆ ಕೆಲವೇ ದಿನಗಳಲ್ಲಿ ಗಲಾಟೆ ತಣ್ಣಗಾಯಿತು. ಅವೇ ಅಂಗಡಿಗಳ ಮುಂದೆ ಮತ್ತೆ ಸಾಲು ಕಾಣಿಸಿತು. ಈ ಬಾರಿ ಕೊಂಡ ಉಪ್ಪನ್ನು ಹಿಂದಿರುಗಿಸಲು!

ಗಾಳಿಮಾತಿಗೆ ಗಡಿಯಿಲ್ಲ

ಚೀನಾದವರನ್ನು ನೋಡಿ ನಗುವ ಹಾಗಿಲ್ಲ. ಮಾರ್ಚ್ 14ರಂದು ಫಿಲಿಪ್ಪೀನ್ಸ್‌ನಲ್ಲಿ ಮೊಬೈಲಿನಿಂದ ಮೊಬೈಲಿಗೆ ಒಂದು ಸಂದೇಶ ಹರಿದಾಡಿತು. ವಿಕಿರಣದ ಮಳೆ ಬರಲಿದೆ, ಮನೆಯೊಳಗೇ ಇರಿ, ಕುತ್ತಿಗೆಗೆ ಗಾಯದ ಅಯೋಡಿನ್ ಔಷಧಿ ಹಚ್ಚಿಕೊಳ್ಳಿ ಎಂಬುದು ಅದರ ಸಾರ. ನಂಬಿಕೆ ಹುಟ್ಟಲೆಂದು ಬಿ.ಬಿ.ಸಿ.ಯ ಹೆಸರನ್ನು ಅದಕ್ಕೆ ಅಂಟಿಸಲಾಗಿತ್ತು. ಬಿ.ಬಿ.ಸಿ. ಅಂಥ ಸುದ್ದಿಯನ್ನೇ ಕೊಟ್ಟಿರಲಿಲ್ಲ. ಆದರೂ ಮನಿಲಾದ ಒಂದು ವಿಶ್ವವಿದ್ಯಾಲಯ ತರಗತಿಗಳನ್ನು ನಿಲ್ಲಿಸಿ ವಿದ್ಯಾರ್ಥಿಗಳನ್ನು ಮನೆಗೆ ಕಳಿಸಿತು. ಹೆದರಿದವರ ಮೇಲೆ ಹಾವು ಎಸೆದಂತೆ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಅಮೆರಿಕದಂಥ ಮುಂದುವರಿದ ದೇಶದಲ್ಲೂ ಇದೇ ಕತೆ. ಪೆಸಿಫಿಕ್ ಸಾಗರದ ಆ ದಡದಲ್ಲಿರುವ ಕ್ಯಾಲಿಫೋರ್ನಿಯಾದಲ್ಲಿ ಅಯೋಡಿನ್ ಮಾತ್ರೆಗಳು ಮಾರಾಟವಾಗಿ ಮುಗಿದವು. ಫುಕುಶಿಮಾದಿಂದ ಹೊರಟ ಕಣಗಳು ಗಾಳಿಯಲ್ಲಿ ಸಾಗಿ ಅಲ್ಲಿಗೆ ತಲುಪಿದ್ದೇನೋ ನಿಜ. ಆದರೆ ಅತ್ಯಂತ ಸೂಕ್ಷ್ಮ ಉಪಕರಣಗಳಿಗಷ್ಟೇ ಸಿಕ್ಕುವಷ್ಟು ಅಲ್ಪ ಪ್ರಮಾಣದಲ್ಲಿ. ಅದಕ್ಕೆ ಮಾತ್ರೆ ಬೇಡ, ಅನಗತ್ಯವಾಗಿ ನುಂಗಿದರೆ ತೊಂದರೆಯಾದೀತು ಎಂದು ಆರೋಗ್ಯ ಇಲಾಖೆಯೇ ಹೇಳಬೇಕಾಯಿತು.

ಇಲ್ಲಿ ಒಂದು ಮಾತು ನೆನಪಿಡಬೇಕು. ವಿಕಿರಣ ಇದೆಯೇ ಇಲ್ಲವೇ ಎಂಬುದಲ್ಲ ಪ್ರಶ್ನೆ, ಎಷ್ಟಿದೆ ಎಂಬುದು. ಮಣ್ಣು, ಬಂಡೆ, ಆಕಾಶ, ತಿನ್ನುವ ಬಾಳೆಹಣ್ಣು ಎಲ್ಲದರಲ್ಲೂ ತುಸು ವಿಕಿರಣವಿದೆ. ಮಂಗಳೂರಿನ ಬಳಿಯ ಉಳ್ಳಾಲದ ಕಡಲತೀರದಲ್ಲಿ ಮೊನಜೈಟ್ ಬೆರೆತ ಮರಳಿನಿಂದಾಗಿ ಅದು ಬೇರೆಡೆಗಿಂತ ಹೆಚ್ಚು. ಹಾಗೆಂದು ಅಲ್ಲಿನವರು ಊರು ಬಿಟ್ಟಿಲ್ಲ.

ಭಯವೆಲ್ಲ ಮೂರ್ಖತನವಲ್ಲ

ಹಾಗೆಂದು ಎಲ್ಲ ಹೆದರಿಕೆಯನ್ನೂ ಹಳಿಯುವುದು ತಪ್ಪು. ಮಾರ್ಚ್ 23ರಂದು ಟೋಕಿಯೊ ನಗರದ ಒಂದು ನೀರು ಶುದ್ಧೀಕರಣ ಕೇಂದ್ರದಲ್ಲಿ ಪ್ರತಿ ಕಿಲೋ ನೀರಿನಲ್ಲಿ 210 ಬೆಕೆರೆಲ್ ಅಯೋಡಿನ್-131 ಕಂಡುಬಂತು. ವಯಸ್ಕರಿಗೆ ನಿಗದಿಯಾಗಿದ್ದ ಮಿತಿ 300, ಹಸುಗೂಸುಗಳಿಗೆ 100. ನಗರಾಡಳಿತ ಈ ಅಂಕಿಯನ್ನು ಅಂದೇ ಬಹಿರಂಗಪಡಿಸಿತು. ಕೂಸುಗಳಿಗೆ ನಲ್ಲಿ ನೀರು ಬೇಡವೆಂದು ಹೇಳಿ ಸುಮ್ಮನಾಗಲಿಲ್ಲ. ಸುಮಾರು 80,000 ಕೂಸುಗಳಿರುವ ಮನೆಗಳಿಗೆ ತಲಾ ಮೂರರಂತೆ ನೀರಿನ ಬಾಟಲಿ ಹಂಚಲು ಮುಂದಾಯಿತು. ಮರುದಿನ ಪ್ರಮಾಣ 79ಕ್ಕೆ ಇಳಿದಿತ್ತು. ಅಯೋಡಿನ್-131ರ ಅರ್ಧಾಯು 8 ದಿನ. ಅಂದರೆ 80 ದಿನಗಳಲ್ಲಿ ಅದು ಸಾವಿರದಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಮಗುವಿನ ಬಾಟಲಿ ಹಿಡಿದು ಆತಂಕಗೊಂಡ ತಾಯಿಗೆ ಅಲ್ಲಿ ಸಿಕ್ಕದ್ದು ಒಂದು ಸಂಖ್ಯೆ, ಒಂದು ಕಾರಣ, ಕೈಗೊಂದು ಪರಿಹಾರ. ಭಯವನ್ನು ಇಳಿಸುವ ಬಗೆ ಇದು.

ಪ್ರಶ್ನೆ ಕೇಳುವುದೂ ಅಗತ್ಯವೇ. ಜರ್ಮನಿ ತನ್ನ ಪರಮಾಣು ಸ್ಥಾವರಗಳನ್ನು ಮುಚ್ಚಲು ಅದೇ ವರ್ಷ ತೀರ್ಮಾನಿಸಿ, 2023ರ ಏಪ್ರಿಲ್‌ನಲ್ಲಿ ಕೊನೆಯ ಮೂರನ್ನು ನಿಲ್ಲಿಸಿತು. ಭಾರತದಲ್ಲಿ ಎಲ್ಲ ಸ್ಥಾವರಗಳ ಸುರಕ್ಷತೆಯ ಮರುಪರಿಶೀಲನೆಗೆ ಆದೇಶವಾಯಿತು; ಕಾಳೀ ನದಿಯ ದಂಡೆಯ ಕೈಗಾ ಸ್ಥಾವರವೂ ಅದರಲ್ಲಿ ಸೇರಿತ್ತು. ತಮಿಳುನಾಡಿನ ಕೂಡಂಕುಳಂನಲ್ಲಿ ಮೀನುಗಾರರು ಬೀದಿಗಿಳಿದರು. ಅವರ ನಿಲುವನ್ನು ಒಪ್ಪಬಹುದು, ಒಪ್ಪದಿರಬಹುದು. ಆದರೆ ಪ್ರಶ್ನೆ ಕೇಳುವುದಕ್ಕೂ ಉಪ್ಪು ಕೂಡಿಡುವುದಕ್ಕೂ ಅಜಗಜಾಂತರ.

ನೆರವಿನ ಕೈಗಳು

ಅದೇ ದಿನಗಳಲ್ಲಿ ಜನರ ಇನ್ನೊಂದು ಮುಖವೂ ಕಂಡಿತು. ಇಶಿನೊಮಾಕಿ ಎಂಬ ಊರಿನ ಪತ್ರಿಕೆಯ ಮುದ್ರಣಯಂತ್ರ ಸುನಾಮಿಯಿಂದಾಗಿ ನಿಂತುಹೋಯಿತು. ಪತ್ರಕರ್ತರು ಕೈಕಟ್ಟಿ ಕೂರಲಿಲ್ಲ. ಕಾಗದದ ಸುರುಳಿಯ ಮೇಲೆ ಮಾರ್ಕರ್ ಪೆನ್ನಿನಿಂದ ಸುದ್ದಿ ಬರೆದು ನಿರಾಶ್ರಿತರ ಶಿಬಿರಗಳ ಗೋಡೆಗೆ ಆರು ದಿನ ಅಂಟಿಸಿದರು. ಗಾಳಿಸುದ್ದಿಗೆ ಮರುಳಾಗದೆ ಸರಿಯಾದ ಮಾಹಿತಿಯನ್ನು ನೋಡಿ ನಡೆಯಿರೆಂದು ಮೊದಲ ದಿನವೇ ಜನರನ್ನು ಕೇಳಿಕೊಂಡರು. ಕೆಸರಿನಲ್ಲಿ ಸಿಕ್ಕ ಸಾವಿರಾರು ಹಣದ ಪೆಟ್ಟಿಗೆಗಳನ್ನು ಜನ ಪೊಲೀಸರಿಗೆ ತಂದೊಪ್ಪಿಸಿದರು. ಪುಟ್ಟ ತೈವಾನಿನ ಜನ 2,000 ಕೋಟಿ ಯೆನ್‌ಗೂ ಮೀರಿ ದೇಣಿಗೆ ಕಳಿಸಿದರು. ಭಾರತ ಕಂಬಳಿಗಳನ್ನು ಕಳಿಸಿತು. ರಾಷ್ಟ್ರೀಯ ವಿಪತ್ತು ಸ್ಪಂದನ ಪಡೆಯ 46 ಮಂದಿ ಒನಗಾವಾ ಪಟ್ಟಣಕ್ಕೆ ಹೋಗಿ, ಕೊರೆಯುವ ಚಳಿಯಲ್ಲಿ ಅವಶೇಷಗಳ ನಡುವೆ ಶೋಧ ನಡೆಸಿದರು.

ಹೆದರಿಕೆಗೆ ತೆತ್ತ ಬೆಲೆ

ಈ ಕತೆಯ ಕಹಿಯಾದ ಭಾಗ ಕೊನೆಗೆ ಬರುತ್ತದೆ. ಫುಕುಶಿಮಾದ ವಿಕಿರಣದಿಂದ ಸುತ್ತಲಿನ ಜನರ ಆರೋಗ್ಯಕ್ಕೆ ನೇರ ಹಾನಿಯಾದದ್ದು ಕಂಡುಬಂದಿಲ್ಲವೆಂದು ವಿಶ್ವಸಂಸ್ಥೆಯ ವಿಜ್ಞಾನ ಸಮಿತಿ 2021ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹೇಳಿದೆ. ಆದರೆ ಅವಸರದ ಸ್ಥಳಾಂತರ, ಔಷಧ ತಪ್ಪಿದ್ದು, ಊರು ಬಿಟ್ಟ ಕೊರಗು ಇತ್ಯಾದಿಗಳಿಂದ ಆ ಪ್ರಾಂತ್ಯದಲ್ಲಿ 2,000ಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ವೃದ್ಧರು. ಸ್ಥಳಾಂತರವೇ ತಪ್ಪೆಂದು ಇದರ ಅರ್ಥವಲ್ಲ. ಸಿದ್ಧತೆಯಿಲ್ಲದ ಅವಸರವೂ ಕೊಲ್ಲಬಲ್ಲದು ಎಂದಷ್ಟೇ ಅರ್ಥ.

ಬೇರೆ ಊರಿನ ಶಾಲೆ ಸೇರಿದ ಫುಕುಶಿಮಾದ ಕೆಲವು ಮಕ್ಕಳನ್ನು ಸಹಪಾಠಿಗಳೇ ರೋಗಾಣುಗಳೆಂಬಂತೆ ಕಂಡು ಪೀಡಿಸಿದರು. ವಿಕಿರಣ ನೆಗಡಿಯಂತೆ ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ. ಬೆಂಕಿಯ ಬಳಿ ಕುಳಿತು ಬಂದವನನ್ನು ಮುಟ್ಟಿದರೆ ಕೈ ಸುಡುತ್ತದೆಯೇ? ಆ ಸಹಪಾಠಿಗಳು ಹುಟ್ಟಿನಿಂದ ಕ್ರೂರಿಗಳಲ್ಲ. ಮನೆಯಲ್ಲಿ ದೊಡ್ಡವರು ಊಟದ ಹೊತ್ತಿನಲ್ಲಿ ಆಡಿದ ಮಾತು ಮರುದಿನ ಶಾಲೆಯ ಅಂಗಳದಲ್ಲಿ ಮಕ್ಕಳ ಬಾಯಲ್ಲಿ ಬರುತ್ತದೆ. ಮನೆ, ಊರು, ಕೆಲವೊಮ್ಮೆ ಹೆತ್ತವರನ್ನೂ ಕಳೆದುಕೊಂಡ ಮಗುವಿಗೆ ಗೆಳೆಯರೂ ಇಲ್ಲವಾದರು. ಗಾಳಿಮಾತಿನ ಪೆಟ್ಟು ಕೊನೆಗೆ ಬೀಳುವುದು ಮೊದಲೇ ಪೆಟ್ಟು ತಿಂದವರ ಮೇಲೆ.

ಆದ್ದರಿಂದ ಅಂಥ ಸುದ್ದಿ ಬಂದಾಗ ಮನೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಮೂರು ಪ್ರಶ್ನೆ ಕೇಳುವುದು ಒಳ್ಳೆಯದು. ಇದನ್ನು ಹೇಳಿದವರು ಯಾರು, ಅವರಿಗೆ ಹೇಗೆ ಗೊತ್ತು? ಅಪಾಯ ಎಷ್ಟು, ಎಷ್ಟು ದೂರ? ಇದನ್ನು ಇನ್ನೊಬ್ಬರಿಗೆ ದಾಟಿಸಿದರೆ ಯಾರಿಗೆ ಉಪಕಾರ? ಮೂರಕ್ಕೂ ಉತ್ತರ ಸಿಗದಿದ್ದರೆ ಮೊಬೈಲನ್ನು ಕೆಳಗಿಟ್ಟು ಭೂಪಟ ತೆರೆಯಬಹುದು. ಆ ದೇಶ ಎಲ್ಲಿದೆ, ಅಲ್ಲಿನ ಮಕ್ಕಳು ಈಗ ಎಲ್ಲಿ ಮಲಗುತ್ತಿದ್ದಾರೆ ಎಂದು ಮಾತಾಡಬಹುದು.

ಮಿಯಾಕೊ ಬಳಿಯ ಅನೆಯೋಶಿ ಎಂಬ ಹಳ್ಳಿ 1896 ಮತ್ತು 1933ರ ಸುನಾಮಿಗಳಲ್ಲಿ ಹೆಚ್ಚುಕಡಿಮೆ ಪೂರ್ತಿ ನಾಶವಾಗಿತ್ತು. ಅಳಿದುಳಿದವರು ಗುಡ್ಡದ ಮೇಲೊಂದು ಕಲ್ಲು ನೆಟ್ಟು, ಇದಕ್ಕಿಂತ ಕೆಳಗೆ ಮನೆ ಕಟ್ಟಬೇಡಿರೆಂದು ಮುಂದಿನವರಿಗಾಗಿ ಕೆತ್ತಿಸಿದರು. ಮಕ್ಕಳು, ಮೊಮ್ಮಕ್ಕಳು ಆ ಮಾತನ್ನು ಪಾಲಿಸಿದರು. 2011ರಲ್ಲಿ ನೀರು ಆ ಕಲ್ಲಿಗೆ ಸುಮಾರು 100 ಮೀಟರ್ ಕೆಳಗೇ ನಿಂತಿತು. ಊರಿನ ಮನೆಗಳೆಲ್ಲ ಉಳಿದವು. ಆ ಹಿರಿಯರೂ ಹೆದರಿದ್ದರು. ಆದರೆ ಹೆದರಿ ಓಡಿಹೋಗಲಿಲ್ಲ. ತಮಗೆ ತಿಳಿದದ್ದನ್ನು ಮಕ್ಕಳಿಗೆ ಬರೆದಿಟ್ಟು ಹೋದರು.