ಚಳಿಗೆ ಬ್ಯಾಟರಿ ಹೆದರದು. ಬರಿದಾಗಿ ಬಿಟ್ಟು ಊರಿಗೆ ಹೋದರೆ ಅಪಾಯ

ನಿಗಡಿ: ಇಲ್ಲಿನ ಪ್ರಾಧಿಕರಣ, ಆಕುರ್ಡಿ, ಚಿಂಚವಾಡ ಪರಿಸರದ ಕನ್ನಡಿಗರಿಗೆ ವಿದ್ಯುತ್ ವಾಹನ ಈಗ ಹೊಸತಲ್ಲ. ಬಜಾಜ್‌ನ ವಿದ್ಯುತ್ ಚೇತಕ್ ಸ್ಕೂಟರ್ 2020ರಲ್ಲಿ ಮೊದಲು ಮಾರಾಟಕ್ಕೆ ಬಂದುದೇ ಪುಣೆ ಮತ್ತು ಬೆಂಗಳೂರಿನಲ್ಲಿ. ಅದಕ್ಕೂ ಮುನ್ನ 2001ರಲ್ಲಿ ಬೆಂಗಳೂರಿನ ರೇವಾ ಕಾರು ರಸ್ತೆಗಿಳಿದು, ಮುಂದೆ 'ಜಿ-ವಿಜ್' ಎಂಬ ಹೆಸರಿನಲ್ಲಿ ಲಂಡನ್ನಿನ ಚಳಿಯಲ್ಲೂ ಓಡಿತ್ತು. ಅದರಲ್ಲಿದ್ದುದು ಸೀಸ-ಆಮ್ಲದ ಬ್ಯಾಟರಿ. ಇಂದಿನ ಕಾರುಗಳಲ್ಲಿರುವುದು ಲಿಥಿಯಂ ಬ್ಯಾಟರಿ. ಎರಡಕ್ಕೂ ಚಳಿ ಒಗ್ಗುವುದಿಲ್ಲ ಎಂಬುದು ನಿಜ. ಆದರೆ ನಿಗಡಿಯ ಚಳಿಗೆ ಗಾಬರಿಪಡಬೇಕಾಗಿಲ್ಲ.

ಡಿಸೆಂಬರ್-ಜನವರಿಯ ಮುಂಜಾನೆ ಪುಣೆಯಲ್ಲಿ ಉಷ್ಣಾಂಶ 10 ಡಿಗ್ರಿಗಿಂತ ಕೆಳಗಿಳಿಯುವುದುಂಟು. ಆಗ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗುತ್ತದೆ. ಹೀಟರ್ ಹಾಕಿದರೆ ಅದಕ್ಕೂ ಅದೇ ಬ್ಯಾಟರಿಯ ವಿದ್ಯುತ್ ಬೇಕು. ಹಾಗಾಗಿ ಕಾರು ಓಡುವ ದೂರ ಸ್ವಲ್ಪ ಕುಗ್ಗುತ್ತದೆ. ಬಿಸಿಲೇರಿದಂತೆ ಇದು ಸರಿಹೋಗುತ್ತದೆ. ಬ್ಯಾಟರಿ ಕೆಟ್ಟಿತೆಂದು ಅರ್ಥವಲ್ಲ.

ನಿಜವಾದ ಹಾನಿ ಶೂನ್ಯ ಡಿಗ್ರಿಗಿಂತ ಕೆಳಗೆ. ಮರಗಟ್ಟಿದ ಬ್ಯಾಟರಿಗೆ ರಭಸದಿಂದ ಚಾರ್ಜ್ ಮಾಡಿದರೆ ಒಳಗೆ ಲಿಥಿಯಂ ಲೋಹವಾಗಿ ಅಂಟಿಕೊಂಡು, ಅದರ ಸಾಮರ್ಥ್ಯ ಶಾಶ್ವತವಾಗಿ ತಗ್ಗುತ್ತದೆ. ಇದನ್ನು ತಡೆಯಲೆಂದೇ ಕಾರಿನ ನಿಯಂತ್ರಣ ವ್ಯವಸ್ಥೆ ಚಾರ್ಜಿಂಗ್ ವೇಗವನ್ನು ತಾನೇ ಇಳಿಸುತ್ತದೆ. ಹಿಮಾಚಲ, ಕಾಶ್ಮೀರಕ್ಕೆ ಕಾರಿನಲ್ಲೇ ಪ್ರವಾಸ ಹೊರಡುವವರು ಇದನ್ನು ನೆನಪಿಡಬೇಕು: ರಾತ್ರಿ ತಂಗುದಾಣ ತಲುಪಿದ ಕೂಡಲೇ, ಬ್ಯಾಟರಿ ಬೆಚ್ಚಗಿರುವಾಗಲೇ ಚಾರ್ಜ್‌ಗೆ ಹಾಕುವುದು ಲೇಸು.

ನಮ್ಮವರು ಹೆಚ್ಚು ಗಮನಿಸಬೇಕಾದ ಸಂಗತಿ ಬೇರೆಯೇ ಇದೆ. ಚಳಿಗಾಲವೆಂದರೆ ಊರಿನಲ್ಲಿ ನೇಮ, ಕೋಲ, ಜಾತ್ರೆ, ಮದುವೆಗಳ ಕಾಲ. ಕಾರನ್ನು ಸೊಸೈಟಿಯಲ್ಲಿ ನಿಲ್ಲಿಸಿ ಬಸ್ಸಿನಲ್ಲೋ ರೈಲಿನಲ್ಲೋ ಊರಿಗೆ ಹೋದವರು ಮರಳುವುದು ಎರಡು-ಮೂರು ವಾರಗಳ ನಂತರ. ಬ್ಯಾಟರಿ ಬಹುತೇಕ ಬರಿದಾಗಿದ್ದಾಗ ಹೀಗೆ ಬಿಟ್ಟುಹೋದರೆ ಅದು ಇನ್ನಷ್ಟು ಇಳಿದು ಹಾನಿಯಾಗಬಹುದು. ಪೂರ್ತಿ ತುಂಬಿಸಿ ಬಹುದಿನ ನಿಲ್ಲಿಸುವುದೂ ಒಳ್ಳೆಯದಲ್ಲ. ಸುಮಾರು ಅರ್ಧದಷ್ಟು ಚಾರ್ಜ್ ಇದ್ದರೆ ಸಾಕು.

ಇನ್ನೊಂದು ವಿಷಯ ಹಲವರಿಗೆ ತಿಳಿದಿಲ್ಲ. ವಿದ್ಯುತ್ ಕಾರಿನಲ್ಲೂ 12 ವೋಲ್ಟಿನ ಚಿಕ್ಕ ಬ್ಯಾಟರಿ ಇರುತ್ತದೆ. ಅದು ಸತ್ತರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಚಾಲೂ ಆಗದು. ಹೊರಡುವ ಮುನ್ನ ಸರ್ವಿಸ್ ಸೆಂಟರ್‌ನಲ್ಲಿ ಅದನ್ನೂ ಪರೀಕ್ಷಿಸಿಕೊಳ್ಳಬೇಕು.

ದಿನನಿತ್ಯದ ಬಳಕೆಗೆ ಸಾಮಾನ್ಯವಾಗಿ 20ರಿಂದ 80 ಶೇಕಡಾ ಚಾರ್ಜ್ ಹಿತಕರ. ಎಲ್‌ಎಫ್‌ಪಿ ಬಗೆಯ ಬ್ಯಾಟರಿಯನ್ನು ಆಗಾಗ ಪೂರ್ತಿ ತುಂಬಿಸಲು ಕಂಪನಿಗಳೇ ಹೇಳುವುದರಿಂದ, ಕಾರಿನ ಕೈಪಿಡಿಯ ಮಾತೇ ಅಂತಿಮ. ಮುಂಜಾನೆ ಹೊರಡುವವರು ಪ್ಲಗ್ ತೆಗೆಯುವ ಮೊದಲೇ ಕಾರಿನ ಒಳಭಾಗ ಬೆಚ್ಚಗೆ ಮಾಡಿಕೊಂಡರೆ ದಾರಿಯಲ್ಲಿ ವಿದ್ಯುತ್ ಉಳಿಯುತ್ತದೆ.

ಕಾರಿನಲ್ಲಿ ಎಲ್ಲಕ್ಕಿಂತ ದುಬಾರಿ ಭಾಗ ಬ್ಯಾಟರಿ. ಹಲವು ಕಂಪನಿಗಳು ಅದಕ್ಕೆ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ ನೀಡುತ್ತವೆ. ಆದರೆ ಕೈಪಿಡಿ ಪಾಲಿಸದೆ ಆದ ಹಾನಿಗೆ ಅದು ಸಿಗದೇ ಹೋಗಬಹುದು. ಊರಿಗೆ ಹೊರಡುವಾಗ ಗ್ಯಾಸ್, ನಲ್ಲಿ, ಬೀಗ ನೋಡಿಕೊಳ್ಳುವ ಹಾಗೆಯೇ ಕಾರಿನ ಚಾರ್ಜನ್ನೂ ಒಮ್ಮೆ ನೋಡಿಕೊಂಡರೆ ನೆಮ್ಮದಿ.