ಕಟ್‌ವೈಕ್: ಮರಳಿನಡಿ ಅಡಗಿದ ಒಡ್ಡು, ಕಣ್ಣೆದುರು ತೆರೆದ ಕಡಲು

ಸಮುದ್ರದಿಂದ ಊರನ್ನು ಕಾಪಾಡಬೇಕು, ಆದರೆ ಊರಿನ ಕಣ್ಣಿನಿಂದ ಸಮುದ್ರ ಮರೆಯಾಗಬಾರದು. ಇಂಥದೊಂದು ಕಠಿಣ ಸಮಸ್ಯೆಗೆ ನೆದರ್‌ಲ್ಯಾಂಡ್ಸ್‌ನ ಕಡಲತೀರದ ಪಟ್ಟಣ ಕಟ್‌ವೈಕ್ ಕಂಡುಕೊಂಡ ಪರಿಹಾರ, ನೀರಿನೊಡನೆ ಬದುಕುವ ಜನತೆಯ ಜಾಣ್ಮೆಗೆ ಸಾಕ್ಷಿಯಾಗಿದೆ.

ದಕ್ಷಿಣ ಹಾಲೆಂಡ್ ಪ್ರಾಂತ್ಯದಲ್ಲಿ, ವಿಶ್ವವಿದ್ಯಾಲಯಕ್ಕೆ ಹೆಸರಾದ ಲೈಡನ್ ನಗರದ ಪಕ್ಕದಲ್ಲಿ, ಉತ್ತರ ಸಮುದ್ರದ ಅಂಚಿನಲ್ಲಿ ಈ ಪಟ್ಟಣವಿದೆ. ಕಟ್‌ವೈಕ್ ಎಂಬುದು ಒಂದೇ ಊರಿನ ಹೆಸರಲ್ಲ. ಕಡಲ ದಡದಲ್ಲಿರುವುದು ಕಟ್‌ವೈಕ್ ಆನ್ ಜೇ. ತುಸು ಒಳಗೆ, ರೈನ್ ನದಿಯ ದಡದಲ್ಲಿರುವುದು ಕಟ್‌ವೈಕ್ ಆನ್ ಡೆನ್ ರೈನ್. 2006ರಲ್ಲಿ ನೆರೆಯ ರೈನ್ಸ್‌ಬರ್ಗ್ ಮತ್ತು ವಾಲ್ಕೆನ್‌ಬರ್ಗ್‌ಗಳೂ ಇದೇ ಪುರಸಭೆಯೊಡನೆ ವಿಲೀನಗೊಂಡವು. ಇವುಗಳಲ್ಲಿ ರೈನ್ಸ್‌ಬರ್ಗ್ ಹೂವಿನ ಹರಾಜಿಗೆ ಪ್ರಸಿದ್ಧ. ತತ್ತ್ವಜ್ಞಾನಿ ಸ್ಪಿನೋಜಾ 1661ರಿಂದ 1663ರವರೆಗೆ ವಾಸವಾಗಿದ್ದುದು ಇಲ್ಲಿಯೇ. ವಾಲ್ಕೆನ್‌ಬರ್ಗ್‌ನಲ್ಲಿ ರೋಮನ್ನರ ಕೋಟೆಯಿತ್ತು. ರೋಮನ್ ಸಾಮ್ರಾಜ್ಯದ ಈ ಗಡಿಯ ಅವಶೇಷಗಳು 2021ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ.

ಮುಚ್ಚಿಹೋದ ನದೀಮುಖ

ರೋಮನ್ನರು ಇಲ್ಲಿ ನೆಲೆಯೂರಲು ಕಾರಣ ರೈನ್ ನದಿ. ಅಂದು ಅದರ ಒಂದು ಕವಲು ಇಲ್ಲಿಯೇ ಸಮುದ್ರ ಸೇರುತ್ತಿತ್ತು. ಕಾಲಕ್ರಮದಲ್ಲಿ ಹರಿವು ಇತರ ಕವಲುಗಳತ್ತ ತಿರುಗಿತು. ಸಮುದ್ರ ತಂದು ಸುರಿದ ಮರಳಿನಿಂದ ಹನ್ನೆರಡನೆಯ ಶತಮಾನದ ವೇಳೆಗೆ ನದೀಮುಖವೇ ಮುಚ್ಚಿಹೋಯಿತು. ಪರಿಣಾಮವಾಗಿ ಒಳನಾಡಿನ ತಗ್ಗು ಪ್ರದೇಶದ ನೀರಿಗೆ ಹೊರದಾರಿ ಇಲ್ಲವಾಯಿತು.

ಶತಮಾನಗಳ ಸಂಕಟದ ನಂತರ ಮರಳು ದಿಬ್ಬಗಳನ್ನು ಸೀಳಿ ಕಾಲುವೆ ತೋಡಿ, ತೂಬುಗಳನ್ನು ನಿರ್ಮಿಸಲಾಯಿತು. 1807ರಲ್ಲಿ ಈ ಕಾರ್ಯ ಪೂರ್ಣಗೊಂಡಿತು. ಅದರ ತಂತ್ರ ಸರಳ: ಸಮುದ್ರ ಇಳಿದಾಗ ತೂಬಿನ ಬಾಗಿಲು ತೆರೆದರೆ ಒಳಗಿನ ನೀರು ತಾನಾಗಿ ಹೊರಹರಿಯುತ್ತದೆ; ಉಬ್ಬರ ಬಂದಾಗ ಬಾಗಿಲು ಮುಚ್ಚಿ ಸಮುದ್ರವನ್ನು ಹೊರಗೇ ನಿಲ್ಲಿಸಲಾಗುತ್ತದೆ. ಮುಂದೆ ನೀರೆತ್ತುವ ಯಂತ್ರಗಳೂ ಜೊತೆಗೂಡಿದವು. ಈ ವ್ಯವಸ್ಥೆಯ ಹೊಣೆ ರೈನ್‌ಲ್ಯಾಂಡ್ ಜಲಮಂಡಳಿಯದು. ಹದಿಮೂರನೆಯ ಶತಮಾನದಷ್ಟು ಹಿಂದಕ್ಕೆ ಬೇರುಗಳುಳ್ಳ ಈ ಸಂಸ್ಥೆಗೆ ಇಂದಿಗೂ ಜನರೇ ಮತ ಹಾಕಿ ಪ್ರತಿನಿಧಿಗಳನ್ನು ಆರಿಸುತ್ತಾರೆ.

ರಕ್ಷಣೆಯ ಹೊರಗುಳಿದವರು

ಒಳಗಿನ ನೀರಿಗೆ ದಾರಿಯಾಯಿತು. ಆದರೆ ಎದುರಿನ ಸಮುದ್ರ? 1953ರ ಮಹಾಪೂರದಲ್ಲಿ ನೆದರ್‌ಲ್ಯಾಂಡ್ಸ್ 1,836 ಜನರನ್ನು ಕಳೆದುಕೊಂಡಿತು. ಅನಂತರ ಹಾಲೆಂಡ್ ಕರಾವಳಿಯ ರಕ್ಷಣೆಗೆ ಅತ್ಯಂತ ಕಟ್ಟುನಿಟ್ಟಿನ ಮಾನದಂಡ ಜಾರಿಗೆ ಬಂತು. ಯಾವುದೇ ವರ್ಷದಲ್ಲಿ ಬರುವ ಸಂಭವ ಹತ್ತು ಸಾವಿರದಲ್ಲಿ ಒಂದು ಪಾಲು ಮಾತ್ರವಿರುವಂಥ ಬಿರುಗಾಳಿಯನ್ನೂ ತಡೆಯಬೇಕೆಂಬುದು ಆ ನಿಯಮ.

ಈ ಅಳತೆಗೋಲಿಗೆ ಕಟ್‌ವೈಕ್ ನಿಲ್ಲಲಿಲ್ಲ. ಇಲ್ಲಿ ರಕ್ಷಣಾ ರೇಖೆ ಊರಿನ ಒಳಗಿಂದಲೇ ಹಾದುಹೋಗಿತ್ತು. ರೇಖೆಯಾಚೆ, ಕಡಲ ಕಡೆಗೆ, ಸುಮಾರು 3,000 ಜನ ವಾಸವಾಗಿದ್ದರು. ಭಾರೀ ಬಿರುಗಾಳಿ ಎದ್ದರೆ ಮೊದಲು ಅಪಾಯಕ್ಕೆ ಸಿಲುಕುವವರು ಅವರೇ.

ಎತ್ತರದ ಕಾಂಕ್ರೀಟ್ ಗೋಡೆ ಕಟ್ಟಿದ್ದರೆ ಪ್ರಶ್ನೆ ಬಗೆಹರಿಯುತ್ತಿತ್ತು. ಆದರೆ ಈ ಊರಿನ ಬದುಕೇ ಕಡಲು. ಬಂದರಿಲ್ಲದ ಕಾಲದಲ್ಲಿ ಇಲ್ಲಿನ ಬೆಸ್ತರು ಚಪ್ಪಟೆ ತಳದ ದೋಣಿಗಳನ್ನು ಮರಳಿನ ಮೇಲೆಯೇ ಎಳೆದು ನಿಲ್ಲಿಸುತ್ತಿದ್ದರು. ಎರಡನೇ ಮಹಾಯುದ್ಧದ ವೇಳೆ ಜರ್ಮನ್ನರು ತಮ್ಮ ಕರಾವಳಿ ಕೋಟೆಗಾಗಿ ದಡದ ಮನೆಗಳನ್ನು ಕೆಡವಿದ್ದನ್ನು ಪಟ್ಟಣ ಕಂಡಿದೆ. ಹದಿನೈದನೆಯ ಶತಮಾನದ ಬಿಳಿಯ ಚರ್ಚು ಇಂದಿಗೂ ಸಮುದ್ರಕ್ಕೆ ಎದುರಾಗಿ ನಿಂತಿದೆ. ಅದರ ಮುಂದೆ ಗೋಡೆ ಎದ್ದರೆ ಊರು ಕಡಲೂರಾಗಿ ಉಳಿಯುವುದೇ?

ದಿಬ್ಬದೊಳಗೆ ಒಡ್ಡು

ಪುರಸಭೆ ಮತ್ತು ಜಲಮಂಡಳಿ ಒಟ್ಟಾಗಿ ಆರಿಸಿಕೊಂಡದ್ದು ಬೇರೆ ಮಾರ್ಗ. 2013ರಲ್ಲಿ ಕಾಮಗಾರಿ ಆರಂಭವಾಗಿ 2015ರಲ್ಲಿ ಮುಗಿಯಿತು. ದಡದುದ್ದಕ್ಕೂ ಕಲ್ಲು ಹೊದಿಸಿದ ಒಡ್ಡನ್ನು ನಿರ್ಮಿಸಿ, ಅದರ ಮೇಲೆ ಮರಳು ಸುರಿದು ದಿಬ್ಬವನ್ನಾಗಿಸಿ, ಹುಲ್ಲು ನೆಡಲಾಯಿತು. ಸಾಮಾನ್ಯ ದಿನಗಳಲ್ಲಿ ಕಾಣುವುದು ಮರಳು ದಿಬ್ಬ ಮಾತ್ರ. ಬಿರುಗಾಳಿ ಮರಳನ್ನು ಕೊಚ್ಚಿದರೆ ಒಳಗಿನ ಕಲ್ಲಿನ ಒಡ್ಡು ಅಲೆಗೆ ಎದುರಾಗುತ್ತದೆ. ಒಳಗೆ ಗಟ್ಟಿ ಒಡ್ಡು ಇರುವುದರಿಂದ, ಬರೀ ಮರಳಿಗೆ ಬೇಕಾಗುವಷ್ಟು ಎತ್ತರ ಮತ್ತು ಅಗಲ ದಿಬ್ಬಕ್ಕೆ ಬೇಕಾಗಲಿಲ್ಲ. ಆದ್ದರಿಂದಲೇ ಕಡಲಿನ ನೋಟ ಉಳಿಯಿತು.

ಒಡ್ಡಿನ ಹಿಂಬದಿ, ಅದೇ ಮರಳಿನಡಿಯಲ್ಲಿ, ಸುಮಾರು 500 ಮೀಟರ್ ಉದ್ದದ ವಾಹನ ನಿಲುಗಡೆ ತಾಣವಿದೆ. 663 ಕಾರುಗಳಿಗೆ ಅಲ್ಲಿ ಸ್ಥಳ. ಬೇಸಿಗೆಯಲ್ಲಿ ಕಡಲ ರಸ್ತೆಯನ್ನು ತುಂಬುತ್ತಿದ್ದ ವಾಹನಗಳು ಹೀಗೆ ಭೂಗತವಾದವು. 2016ರಲ್ಲಿ ನೆದರ್‌ಲ್ಯಾಂಡ್ಸ್‌ನ ವಾಸ್ತುಶಿಲ್ಪಿಗಳ ಸಂಘ ನೀಡುವ ವರ್ಷದ ಕಟ್ಟಡ ಪ್ರಶಸ್ತಿ ಈ ಯೋಜನೆಗೆ ಸಂದಿತು. ಕಣ್ಣಿಗೆ ಕಾಣದ ಕಟ್ಟಡಕ್ಕೆ ಪ್ರಶಸ್ತಿ ಬಂದದ್ದು ವಿಶೇಷ.

ಮುಗಿಯದ ಕೆಲಸ

ಹಾಗೆಂದು ಗೆಲುವು ಶಾಶ್ವತವಲ್ಲ. ಅಲೆಗಳು ಮರಳನ್ನು ಸದಾ ಒಯ್ಯುತ್ತಿರುತ್ತವೆ. 1990ರಿಂದ ನೆದರ್‌ಲ್ಯಾಂಡ್ಸ್ ತನ್ನ ತೀರರೇಖೆಯನ್ನು ಹಿಂದೆ ಸರಿಯಗೊಡದ ನೀತಿ ಅನುಸರಿಸುತ್ತಿದೆ. ಕಡಲಾಳದಿಂದ ಮರಳು ತೆಗೆದು ತೀರಕ್ಕೆ ಮರಳಿ ತುಂಬಲಾಗುತ್ತಿದೆ.

ಸಮುದ್ರಮಟ್ಟ ಏರಿದಂತೆ ಮತ್ತೊಂದು ತೊಡಕೂ ಇದೆ. ಇಳಿತದ ಹೊತ್ತಿನಲ್ಲಿ ನೀರು ತಾನಾಗಿ ಹೊರಹರಿಯುವ ಅವಧಿ ಕಡಿಮೆಯಾಗುತ್ತದೆ, ಯಂತ್ರಗಳ ಮೇಲಿನ ಭಾರ ಹೆಚ್ಚುತ್ತದೆ. ಎದುರಿಗೆ ಕಡಲು, ಬೆನ್ನಿಗೆ ನದಿ. ಎರಡನ್ನೂ ಕಾಯುವ ಕೆಲಸ ಕಟ್‌ವೈಕ್‌ಗೆ ತಪ್ಪಿದ್ದಲ್ಲ. ದಿಬ್ಬದ ಮೇಲೆ ಗಾಳಿ ಸೇವಿಸುತ್ತ ನಡೆಯುವವರ ಕಾಲ ಕೆಳಗೆ ಆ ಕಾವಲು ಮೌನವಾಗಿ ನಡೆದೇ ಇದೆ.